ಮುಳ್ಳು ತೆಗೆದ ಬೈಗುಳ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ "ಬರವಣಿಗೆ" ಎನ್ನುತ್ತೇನೆ. ಪೂರ್ತಿ ಸುಳ್ಳೇನಲ್ಲ. ವಾರದ ದಿನಗಳಲ್ಲಿ ಬರೆಯುತ್ತೇನೆ, ಶನಿವಾರ ಭಾನುವಾರ ಮೀನಾಗುತ್ತೇನೆ. ಬೆಳ್ಳಿ ಬಣ್ಣದ, ಸ್ಪಂಜು ತುಂಬಿದ, ಎರಡು ಕಾಲಿನ ಮೀನು. ಬಾಲ ನೆಲ ಗುಡಿಸಿಕೊಂಡು ಹಿಂದೆ ಬರುತ್ತದೆ. ಹೊರಗಿನ ಲೋಕ ಬಾಯಿಯ ಜಾಲರಿಯಲ್ಲಿ ತುಂಡು ತುಂಡಾಗಿ ಕಾಣುತ್ತದೆ. ಮೊದಲು ಮೀನಾಗಿದ್ದವನು ಮೈತುಂಬ ಬೆವರುಸಾಲೆ ಎದ್ದು ಕೆಲಸ ಬಿಟ್ಟಾಗ ಮ್ಯಾನೇಜರ್, "ಸ್ವಲ್ಪ ದಿನ ನೀವೇ ಸಂಭಾಳಿಸಿ" ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಒಳಗಿನ ಸೆಕೆ ಅಭ್ಯಾಸವಾಗಿಹೋಗಿದೆ. ಹೊಟ್ಟೆಕಿಚ್ಚೊಂದು ಅಭ್ಯಾಸವಾಗಿಲ್ಲ, ಅದಕ್ಕೆ ಕಾರಣ ನನ್ನ ದೊಡ್ಡಮ್ಮ.

ದೊಡ್ಡಮ್ಮ ಮೀನು ಮಾರುತ್ತಾಳೆ. ಪೇಟೆಯಲ್ಲಿ ಅವಳನ್ನು ಗುಡುಗಕ್ಕ ಎನ್ನುತ್ತಾರೆ. ಆಳು ಮೂರಡಿಯ ಮೇಲೊಂದು ಮೊಳ, ದನಿ ಮಾತ್ರ ತಗಡಿನ ಮಾಡನ್ನು ಎತ್ತಿಡುವಂಥದ್ದು. ಅವಳು ಬೈಯುವುದನ್ನು ಕೇಳುವುದಕ್ಕೆಂದೇ ಆಚೆ ಬೀದಿಯವರು ನಮ್ಮ ಪೇಟೆಗೆ ಬರುತ್ತಿದ್ದರು. ಆದರೆ ಅವಳು ಹುಟ್ಟುವಾಗಲೇ ಗುಡುಗುತ್ತ ಹುಟ್ಟಿದವಳಲ್ಲ. ಅಜ್ಜಿಗೆ ಕಾಯಿಲೆಯಾಗಿ ಮೊದಲ ಸಲ ಅವಳ ಬದಲು ಕಟ್ಟೆ ಹತ್ತಿ ಕೂತ ದಿನ, ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಹುಡುಗಿ, ಎದುರು ಹಾದವರಿಗೆಲ್ಲ "ಬನ್ನಿ, ತಗೊಳ್ಳಿ, ತಾಜಾ ಇದೆ" ಎಂದು ಪಿಸುಗುಟ್ಟಿದಳಂತೆ. ಸಂಜೆಗೆ ಮೀನೂ ಉಳಿಯಿತು, ಗಂಟಲೂ ಉಳಿಯಿತು. ಪಕ್ಕದ ಕಟ್ಟೆಯಲ್ಲಿ ಏಡಿ ಮಾರುತ್ತಿದ್ದ ಮುದುಕಿ ಕರೆದು ಹೇಳಿದಳು: "ಎಲ್ಲರಿಗೂ ಬನ್ನಿ ಬನ್ನಿ ಅಂದ್ರೆ ಯಾರಿಗೆ ಬಾ ಅಂದ ಹಾಗಾಯ್ತೇ ಹುಡುಗಿ? ನಿನ್ನೋರು ಯಾರು, ದಾರಿಹೋಕರು ಯಾರು ಅಂತ ಮೀನಿಗೂ ಗೊತ್ತಾಗಬೇಕು."

ಪೇಟೆಯ ಪದ್ಧತಿ ಅದೇ. ದಾರಿಹೋಕರಿಗೆ ಮರ್ಯಾದೆ, ನಮ್ಮವರಿಗೆ ಬೈಗುಳ. ಹೊಸಬರು ಬಂದರೆ "ಬನ್ನಿ, ಏನು ಬೇಕು, ನೋಡಿ ತಗೊಳ್ಳಿ" ಎಂದು ಹಾಲು ಸಕ್ಕರೆ ಬೆರೆಸಿದ ಮಾತು. ಕೈ ಹೋಗುವುದು ಮಾತ್ರ ಮುಂದಿನ ಸಾಲಿಗೆ, ಬೆಳಗಿನಿಂದ ಬಿಸಿಲು ನೋಡಿದ ಮೀನಿಗೆ. ಬೈಸಿಕೊಳ್ಳುವವನಿಗೆ ಐಸಿನ ಅಡಿಯದು. ಬೈಯುತ್ತ ಬೈಯುತ್ತಲೇ ದೊಡ್ಡಮ್ಮ ಮೊಣಕೈವರೆಗೆ ಐಸಿನೊಳಗೆ ಕೈ ಹಾಕಿ, ಆಗತಾನೆ ನೀರಿನಿಂದ ಎದ್ದು ಬಂದಂಥ ಮೀನೊಂದನ್ನು ಎಳೆದು ತೆಗೆಯುತ್ತಿದ್ದಳು.

ಟೈಲರ್ ಮಾಮ ಅವಳ ಹಳೆಯ ಗಿರಾಕಿ. ಅವರು ನಮ್ಮವರಾದದ್ದು ಹೇಗೆಂದರೆ, ಮೊದಲ ದಿನ ಮುಂದಿನ ಸಾಲಿನ ಮೀನು ಕೊಂಡುಹೋದವರು ಮಾರನೆಯ ದಿನ ಅದನ್ನು ತಂದು ಕಟ್ಟೆಯ ಮೇಲೆ ಬಡಿದು ಜಗಳ ತೆಗೆದರು. ಅಲ್ಲಿಂದ ಶುರು. ದಿನಕ್ಕೊಂದು ಹೊಸ ಬೈಗುಳ. "ನನ್ನ ಮೀನಿನ ಕಿವಿರು ಎತ್ತಿ ನೋಡ್ತೀಯಲ್ಲೋ, ಮೊದಲು ನಿನ್ನ ಕಿವಿ ತೊಳ್ಕೊಂಡು ಬಾ. ಅಲ್ಲಿ ಸೊಪ್ಪು ಬಿತ್ತಿದ್ರೆ ಎರಡು ಕುಯ್ಲು ಬರುತ್ತೆ!" ಎನ್ನುವಳು. "ಊರೋರ ಅಳತೆ ತಗೋತೀಯ, ನಿನ್ನ ನಾಲಿಗೆ ಅಳತೆ ಯಾವಾಗ ತಗೋತೀಯೋ?" ಎನ್ನುವಳು. ಟೈಲರ್ ಮಾಮ ಹಲ್ಲು ಕಿರಿಯುತ್ತ ಚೀಲ ಒಡ್ಡುವರು. ದೊಡ್ಡಪ್ಪ ತೀರಿಕೊಂಡ ದಿನ ಮನೆಗೆ ಬಂದ ಅವರಿಗೆ ದೊಡ್ಡಮ್ಮ "ಬನ್ನಿ, ಕೂತ್ಕೊಳ್ಳಿ" ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಮನುಷ್ಯ ಆ ಮಾತಿಗೆ ಗಳಗಳ ಅತ್ತುಬಿಟ್ಟರು.

ಇನ್ನು ನಾನು. ತಂಗಿಯ ಮಗ. ಶಾಲೆ ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವತನಕ ಅವಳ ಕಟ್ಟೆಯ ಹಿಂದೆ ಐಸಿನ ಡಬ್ಬದ ಮೇಲೆ ಕೂತು ಬೆಳೆದವನು. ಬೈಸಿಕೊಳ್ಳುವ ಹಕ್ಕು ನನಗಿಂತ ಯಾರಿಗಿತ್ತು? ಆದರೆ ನನಗೆ ಸಿಗುತ್ತಿದ್ದದ್ದು ಒಂದೇ ಪದ. "ಬಂದ್ಯಾ ಸಪ್ಪೆ." ನಾನು ಬೇಕೆಂದೇ ಮೀನು ಕೆಡವಿದ್ದೇನೆ, ತಕ್ಕಡಿಯ ಬಟ್ಟು ಅಡಗಿಸಿಟ್ಟಿದ್ದೇನೆ. "ಆಯ್ತು ಸಪ್ಪೆ, ಆ ಕಡೆ ಹೋಗು." ಅಷ್ಟೆ. ಊರಿಗೆಲ್ಲ ಮೂರು ಸಾಲಿನ ಬೈಗುಳ ಹಂಚುವ ದೊಡ್ಡಮ್ಮ ಸ್ವಂತ ರಕ್ತಕ್ಕೆ ಎರಡಕ್ಷರದಲ್ಲಿ ಮುಗಿಸುತ್ತಿದ್ದಳು. ಕೇಳಿದರೆ ಅಮ್ಮ ನಗುತ್ತಿದ್ದಳು. "ನೀನು ತಿರುಗಿ ಒಂದು ಮಾತಾಡಲ್ವಲ್ಲೋ. ಗೋಡೆಗೆ ಯಾರಾದ್ರೂ ಬೈತಾರಾ?" ಓದಿದೆ, ಮೀಸೆ ಬಂತು, ಸಂಬಳ ಬಂತು. ನನ್ನ ಹೆಸರಿಗೆ ಒಂದು ಪೂರ್ತಿ ಬೈಗುಳ ಮಾತ್ರ ಬರಲಿಲ್ಲ. ಬೇರೆಯವರು ಬಂಗಲೆ ಕಾರು ನೋಡಿ ಕರುಬುತ್ತಾರೆ. ನಾನು ಟೈಲರನ್ನು ನೋಡಿ ಕರುಬುತ್ತಿದ್ದೆ.

ಆಮೇಲೆ ಪೇಟೆಯನ್ನು ಹೊಸದು ಮಾಡುತ್ತೇವೆಂದು ಮುಚ್ಚಿದರು. ಮಾರುವವರನ್ನೆಲ್ಲ ಹಿಂದುಗಡೆ, ಲಾರಿ ನಿಲ್ಲುವ ಅಂಗಳದ ತಗಡಿನ ಶೆಡ್ಡಿಗೆ ಕಳಿಸಿದರು. ಹಳೆಯ ಪೇಟೆ ಮತ್ತೆ ಬಾಗಿಲು ತೆರೆದಾಗ ಅದರೊಳಗೆ ಹೋಗಲು ಟಿಕೆಟ್ಟು ಬೇಕಾಗಿತ್ತು. ಕಟ್ಟೆಗಳು ಅವೇ, ಮೇಲೆ ಬಿಳಿ ಟೈಲ್ಸು. ಐಸು ಗಾಜಿನದು, ಮೀನು ರಬ್ಬರಿನದು. ನಡುವೆ ಹರಿಯುತ್ತಿದ್ದ ಮೋರಿಗೆ ಗಾಜು ಮುಚ್ಚಿ ನೀಲಿ ದೀಪ ಹಾಕಿ ಚಿನ್ನದ ಬಣ್ಣದ ಮೀನು ಬಿಟ್ಟಿದ್ದರು. ಮೂಲೆಯಲ್ಲೊಂದು ಯಂತ್ರ ನಿಂಬೆಹಣ್ಣಿನ ವಾಸನೆ ಊದುತ್ತಿತ್ತು. ಬಾಗಿಲಲ್ಲಿ ಮೀನಿನ ಆಕಾರದ ಐಸ್‌ಕ್ರೀಮು. ಹೆಸರು "ಹಳೇ ಮೀನುಪೇಟೆಯ ಅನುಭವ". ಆ ಅನುಭವವನ್ನು ತಯಾರಿಸುವ ಕಂಪನಿಯಲ್ಲಿ ನಾನು ಗುಮಾಸ್ತನಿಗಿಂತ ಒಂದು ಮೆಟ್ಟಿಲು ಮೇಲೆ.

ದೊಡ್ಡಮ್ಮನ ಹೆಸರನ್ನು ಕಂಪನಿಯ ಮೀಟಿಂಗಿಗೆ ಎಳೆದು ತಂದದ್ದೂ ಹೊಟ್ಟೆಕಿಚ್ಚೇ. ನಮ್ಮ ಚಿತ್ರಕಾರ ಗೋಡೆಗೆ ಬಿಡಿಸಿದ ದೋಣಿಯನ್ನು ಮ್ಯಾನೇಜರ್ ಹೊಗಳಿ ಅಟ್ಟಕ್ಕೇರಿಸಿದರು. ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವವನಿಗೆ ಆ ಪರಿ ಹೊಗಳಿಕೆ! ತಡೆಯಲಾಗಲಿಲ್ಲ. "ಸರ್, ಆ ಮೂರನೇ ಕಟ್ಟೆ ಇದೆಯಲ್ಲ, ಅದು ನಮ್ಮ ದೊಡ್ಡಮ್ಮಂದು" ಎಂದೆ. ಎಲ್ಲರ ಕುರ್ಚಿ ನನ್ನ ಕಡೆ ತಿರುಗಿತು. ನಾನು ಗುಡುಗಕ್ಕನ ಒಂದೆರಡು ಬೈಗುಳಗಳನ್ನು ಅಭಿನಯಿಸಿಯೂ ತೋರಿಸಿದೆ.

"ಇದು! ನಮಗೆ ಬೇಕಾಗಿದ್ದೇ ಇದು!" ಎಂದರು ಮ್ಯಾನೇಜರ್. ಆಮೇಲೆ ಸ್ವಲ್ಪ ಯೋಚಿಸಿ, "ಆದರೆ ಬೈಗುಳ ಬೇಡ."

"ಬೈಗುಳ ಇಲ್ಲದೆ ಗುಡುಗಕ್ಕ ಹೇಗೆ ಸರ್?"

"ಬೈಗುಳ ಇರಲಿ. ಬೈದ ಹಾಗೆ ಇರಬಾರದು. ಮಕ್ಕಳು ಬರ್ತಾರೆ, ನೋಡಿ."

ಆ ಸಂಜೆ ಶೆಡ್ಡಿಗೆ ಹೋದೆ. ದೊಡ್ಡಮ್ಮ ಹಲಗೆಯ ಮೇಲೆ ಮೀನಿನ ಹುರುಪೆ ಕೆರೆಯುತ್ತಿದ್ದಳು. ರಬ್ಬರ್ ಬೂಟಿನವರೆಗೆ ಏಪ್ರನ್ನು, ಕೆನ್ನೆಯ ಮೇಲೊಂದು ಹುರುಪೆ ಬೆಳ್ಳಿಬಿಲ್ಲೆಯಂತೆ ಅಂಟಿತ್ತು.

"ಹಳೇ ಪೇಟೇಲಿ ನಿನ್ನ ಹೆಸರಲ್ಲೇ ನಾಟಕದ ಥರ ಆಟ ಮಾಡ್ತಾರೆ ದೊಡ್ಡಮ್ಮ. ನೀನು ಬೈತಿದ್ದದ್ದನ್ನೆಲ್ಲ ನಾನು ಬರೀತೀನಿ."

"ನನ್ನ ಕಟ್ಟೆ ನನಗೆ ಕೊಡ್ತಾರಾ?"

"ಕಟ್ಟೆ ಆಟಕ್ಕೆ ಬೇಕಲ್ಲ."

ಅವಳು ಕತ್ತಿಯನ್ನು ನೀರಲ್ಲಿ ಅದ್ದಿ ಒರೆಸಿದಳು. "ಅಂದ ಮೇಲೆ ನನ್ನ ಯಾಕೋ ಕೇಳ್ತೀಯ ಸಪ್ಪೆ? ಬೈಗುಳ ಬೈದೋಳದ್ದಲ್ಲ, ಬೈಸ್ಕೊಂಡೋರದ್ದು. ಅವರನ್ನ ಕೇಳ್ಕೋ."

ನಾನು ಯಾರನ್ನೂ ಕೇಳಲಿಲ್ಲ. ಬರೆಯಲು ಕೂತೆ. ಟೈಲರ್ ಮಾಮನ ಕಿವಿಯ ಸೊಪ್ಪು ನನ್ನ ಕೈಯಲ್ಲಿ ಹೀಗಾಯಿತು: "ಅಯ್ಯೋ ತುಂಟ, ಮೀನಿನ ಕಿವಿ ಮುಟ್ಟಬೇಡ, ಅದಕ್ಕೆ ಕಚಗುಳಿ ಆಗುತ್ತೆ!" ನಾಲಿಗೆಯ ಅಳತೆ, "ಜಾಣಮರಿ, ನಿನ್ನ ಮಾತು ಎಷ್ಟು ಉದ್ದ!" ಆಯಿತು. ಮ್ಯಾನೇಜರ್ ಓದಿ ಬೆನ್ನು ತಟ್ಟಿದರು. ಚಿತ್ರಕಾರನ ಮುಖ ಸಣ್ಣಗಾದದ್ದನ್ನು ನೋಡಿ ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಇದಕ್ಕಾದರೂ ದೊಡ್ಡಮ್ಮ ಬೈಯುತ್ತಾಳೆ, ಬೈಯಲೇಬೇಕು, ಬಾಯಿ ತುಂಬ ಬೈಯುತ್ತಾಳೆ ಎಂಬ ಆಸೆಯೂ ಒಳಗೊಳಗೇ ಇತ್ತು.

ಗುಡುಗಕ್ಕನ ಪಾತ್ರಕ್ಕೆ ಒಬ್ಬ ನಟಿ ಬಂದಳು. ನನ್ನ ವಾರಗೆಯವಳು, ಎತ್ತರದ ಹುಡುಗಿ, ಇಸ್ತ್ರಿ ಮಾಡಿದ ಏಪ್ರನ್ನು, ಕೆನ್ನೆಯ ಮೇಲೆ ಮೇಕಪ್ಪಿನವರು ಅಂಟಿಸಿದ ಒಂದೇ ಒಂದು ಹೊಳೆಯುವ ಹುರುಪೆ. ಅದನ್ನು ಹೇಳಿದವನೂ ನಾನೇ. ಅವಳು ಸೊಂಟಕ್ಕೆ ಕೈಯಿಟ್ಟು "ಅಯ್ಯೋ ತುಂಟ" ಎಂದರೆ ಜನ ಚಪ್ಪಾಳೆ ಹೊಡೆದು ಅವಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಬಾಲ ಅಲ್ಲಾಡಿಸುತ್ತ ನಾನು. ಮಾತು ನನ್ನದು, ಚಪ್ಪಾಳೆ ಅವಳದ್ದು, ಮಕ್ಕಳ ಒದೆತ ಮತ್ತೆ ನನ್ನದು.

ಕಂಪನಿ ಕೊಟ್ಟ ಎರಡು ಪಾಸುಗಳಲ್ಲಿ ದೊಡ್ಡಮ್ಮನನ್ನೂ ಟೈಲರ್ ಮಾಮನನ್ನೂ ಕರೆಸಿದೆ. ದೊಡ್ಡಮ್ಮ ತೊಳೆದ ಬಟ್ಟೆಯಲ್ಲಿ ಬಂದು ಮೂರನೇ ಕಟ್ಟೆಯ ಎದುರಿಗೇ ನಿಂತಳು. ಜಾಲರಿಯೊಳಗಿಂದ ಅವಳ ಮುಖವನ್ನೇ ನೋಡುತ್ತಿದ್ದೆ. ನಟಿ ರಬ್ಬರ್ ಮೀನನ್ನು ಬಾಲ ಹಿಡಿದು ಎತ್ತಿದಾಗ ದೊಡ್ಡಮ್ಮನ ಬಲಗೈ ತನ್ನಷ್ಟಕ್ಕೆ ಮುಂದೆ ಬಂದು, ಏನನ್ನೋ ಹಿಡಿಯಲು ಹೋಗಿ, ಹಿಂದೆ ಸರಿಯಿತು. ಕಿವಿಯ ಬೈಗುಳ ಬಂದಾಗ ಟೈಲರ್ ಮಾಮ ಎದ್ದು ನಿಂತರು.

"ಅದು ನಂದು! ನಂಗೆ ಬೈದಿದ್ದು! ಟಿಕೆಟ್ ತಗೊಂಡೋರಿಗೆಲ್ಲ ಹಂಚ್ತಾ ಇದ್ದಾರಲ್ಲ, ಅಪ್ಪನ ಮನೆ ಆಸ್ತೀನಾ?"

ಜನ ಇದೂ ಆಟದ ಭಾಗವೆಂದು ಚಪ್ಪಾಳೆ ಹೊಡೆದರು. ಅವರು ಇನ್ನೂ ಕೆರಳಿ, "ಇದು ಬೈಗುಳ ಅಲ್ಲ ಕಣ್ರೀ, ಮುಳ್ಳು ತೆಗೆದದ್ದು! ಮುಳ್ಳು ತೆಗೆದು ಸಕ್ಕರೆ ಸವರಿ ತಟ್ಟೇಲಿ ಇಟ್ಟಿದ್ದಾರೆ!" ಎಂದು ಕೂಗಿದರು. ಆ ಮಾತು ಅಂದೇ ಶೆಡ್ಡಿಗೆ ತಲುಪಿತು. ಅಂದಿನಿಂದ ಅಲ್ಲಿ, ಮಾರಾಟಕ್ಕೆಂದು ನುಣ್ಣಗೆ ಮಾಡಿದ್ದೆಲ್ಲ, ಅದು ಹಾಡಾಗಲಿ ಬೀದಿಯಾಗಲಿ, "ಮುಳ್ಳು ತೆಗೆದದ್ದು". ಮಾತು ಮಾರಿ ಬದುಕುವವನು ನಾನು, ಅಂಥ ಪದ ಹೊಳೆದದ್ದು ಬಟ್ಟೆ ಹೊಲಿಯುವವರಿಗೆ. ಅದೊಂದು ಉರಿ ಬೇರೆ.

ಆಟ ಮುಗಿದ ಮೇಲೆ ಮೀನಿನ ತಲೆ ಕಳಚಿ ದೊಡ್ಡಮ್ಮನ ಎದುರು ನಿಂತೆ. ಬೆವರು ಕಣ್ಣಿಗಿಳಿಯುತ್ತಿತ್ತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ.

ಅವಳು ಮೃದುವಾಗಿ ನಕ್ಕಳು. "ಚೆನ್ನಾಗಿತ್ತು. ನೀವೇ ಬರೆದದ್ದಾ?"

ನೀವು. "ದೊಡ್ಡಮ್ಮ, ನಾನು..." ಎಂದೆ. "ತುಂಬ ಸಂತೋಷ. ಬರ್ತೀನಿ" ಎಂದು ಅವಳು ಗಾಜಿನ ಮೋರಿಯನ್ನು ದಾಟಿ ನಡೆದುಹೋದಳು. ಗಾಜು ಮುಚ್ಚಿದ್ದರೂ ಹಳೆಯ ಅಭ್ಯಾಸದಂತೆ ಕಾಲು ಎತ್ತಿ ದಾಟಿದಳು.

ಮರುದಿನ ಶೆಡ್ಡಿಗೆ ಹೋದರೆ "ಬನ್ನಿ, ಏನು ಬೇಕು?" ಮುಂದಿನ ಸಾಲಿನಿಂದ ಒಂದು ಮೀನು, ನೀಟಾಗಿ ಕಾಗದದಲ್ಲಿ ಸುತ್ತಿ. ನಾನು ಏನೂ ಅನ್ನದೆ ತಂದೆ, ಅಮ್ಮ ಮೂಗು ಮುಚ್ಚಿಕೊಂಡು ಬೇಯಿಸಿದಳು, ನಾನು ಏನೂ ಅನ್ನದೆ ತಿಂದೆ. "ಅವಳ ಹತ್ರ ಕೇಳೋಕೇನು ರೋಗ ನಿಂಗೆ?" ಎಂದಳು ಅಮ್ಮ. ಕೇಳುವುದೇನು? ಎರಡಕ್ಷರದ ಸಪ್ಪೆಯೂ ಹೋಯಿತು. ಇದ್ದಾಗ ಅದನ್ನು ಚಿಲ್ಲರೆ ಅಂದುಕೊಂಡಿದ್ದೆ.

ನಟಿಗೆ ಒಂದು ಕೊರಗಿತ್ತು. ತಾನು ಕತ್ತಿ ಹಿಡಿಯುವ ರೀತಿ ಸರಿಯಿಲ್ಲವೆಂದು. "ನಿಮ್ಮ ದೊಡ್ಡಮ್ಮನ ಹತ್ರ ಒಂದ್ಸಲ ಕರ್ಕೊಂಡು ಹೋಗ್ತೀರಾ?" ಎಂದಳು. ಆ ನೆಪದಲ್ಲಾದರೂ ದೊಡ್ಡಮ್ಮನ ಮುಂದೆ ನಿಲ್ಲಬಹುದಲ್ಲ ಎಂದು ಕರೆದುಕೊಂಡು ಹೋದೆ. ಇಬ್ಬರಿಗೂ ಸಮಾನ ಮರ್ಯಾದೆ ಸಿಕ್ಕಿತು, ಸ್ಟೂಲು ಸಿಕ್ಕಿತು. ನಾನು ಅಲ್ಲಿಗೇ ಬಿಟ್ಟೆ. ಅವಳು ಬಿಡಲಿಲ್ಲ. ಬೆಳಿಗ್ಗೆ ಆಟಕ್ಕೆ ಮುಂಚೆ ಶೆಡ್ಡಿಗೆ ಹೋಗುವುದು, ಐಸು ಒಡೆಯುವುದು, ಹಲಗೆ ತೊಳೆಯುವುದು ಶುರುವಾಯಿತು.

ಒಂದು ಬೆಳಿಗ್ಗೆ ಲಾರಿ ಅಂಗಳದಲ್ಲಿ ಬರುತ್ತಿದ್ದೆ. ತಗಡು ನಡುಗಿತು.

"ಹುರುಪೆ ಕೆರೀ ಅಂದ್ರೆ ಮೀನಿಗೆ ತಲೆ ಬಾಚ್ತೀಯಲ್ಲೇ ತಾಳೆಮರ! ಅದೇನು ನಿನ್ನ ಮದುವೆ ಗಂಡಾ, ನೋವಾಗುತ್ತೆ ಅಂತ ಸವರೋಕೆ? ಒತ್ತಿ ಕೆರಿ! ಆ ಕೈಗೆ ಮೂಳೆ ಇದೆಯೋ, ಅದನ್ನೂ ಮೇಕಪ್ಪಿನೋರೇ ಅಂಟಿಸ್ತಾರೋ?"

ಮತ್ತೆ ಹುಡುಗಿಯ ದನಿ: "ಮೂಳೆ ಇದೆ, ನಿಮ್ಮ ಕತ್ತೀಗೆ ಹಲ್ಲಿಲ್ಲ!"

ಅದಕ್ಕೆ ದೊಡ್ಡಮ್ಮ ನಕ್ಕ ನಗು ಕೇಳಿ ನಾನು ಲಾರಿಯ ಹಿಂದೆ ನಿಂತುಬಿಟ್ಟೆ. ನಾಲ್ಕು ಸಾಲು! ನೆತ್ತರ ಸಂಬಂಧವಿಲ್ಲ, ಐಸಿನ ಡಬ್ಬದ ಮೇಲೆ ಕೂತು ಬೆಳೆದವಳಲ್ಲ, ಮೊನ್ನೆ ಮೊನ್ನೆ ಬಂದವಳು. ಅವಳಿಗೆ ಹೆಸರೂ ಇಟ್ಟಾಗಿದೆ, ತಾಳೆಮರ. ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಆ ಶೆಡ್ಡಿನ ಅಷ್ಟೂ ಐಸು ಸಾಲುತ್ತಿರಲಿಲ್ಲ. ಟೈಲರ್ ಮಾಮನೂ ಅಲ್ಲೇ ಚೀಲ ಹಿಡಿದು ನಿಂತಿದ್ದರು, ಮುಖ ಹುಳ್ಳಗೆ ಮಾಡಿಕೊಂಡು. "ಇವತ್ತು ನನಗೆ ಒಂದೇ ಸಾಲು ಬೈದ್ಲು" ಎಂದರು. ನಾವಿಬ್ಬರೂ ಮೊದಲ ಬಾರಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡೆವು.

ಪರಿಣಾಮ ಆಟದಲ್ಲಿ ಕಂಡಿತು. ನಾವು ಹೆದರಿದ್ದು, ಈ ಹುಡುಗಿ ಇನ್ನು ನಿಜವಾದ ಬೈಗುಳ ಬಿಟ್ಟಾಳು ಎಂದು. ಆದದ್ದು ಬೇರೆ. ಆ ಶನಿವಾರ ಬಾಗಿಲು ತೆರೆದು ಜನ ಒಳಗೆ ಬಂದರು. ಅವಳು ಕಟ್ಟೆಯ ಹಿಂದಿನಿಂದ ಅವರನ್ನೆಲ್ಲ ಒಮ್ಮೆ ನೋಡಿ, "ಬನ್ನಿ. ಏನು ಬೇಕು? ನೋಡಿ ತಗೊಳ್ಳಿ" ಎಂದಳು. ಜನ ಕಾದರು. ಮತ್ತೆ "ಬನ್ನಿ" ಎಂದಳು. ನಾನು ಮೀನಿನೊಳಗಿಂದ "ಅಯ್ಯೋ ತುಂಟ, ಅಯ್ಯೋ ತುಂಟ" ಎಂದು ಪಿಸುಗುಟ್ಟಿದೆ.

"ಇವರು ಯಾರೂ ನನಗೆ ಗೊತ್ತಿಲ್ಲವಲ್ಲ" ಎಂದಳು ಅವಳೂ ಪಿಸುದನಿಯಲ್ಲೇ. "ಗೊತ್ತಿಲ್ಲದೋರಿಗೆ ಹೇಗೆ ಬೈಯೋದು?"

ಹಿಂದಿನ ಸಾಲಿನಿಂದ ಒಬ್ಬ ದಪ್ಪ ಮನುಷ್ಯ ಸಿಟ್ಟಿಗೆದ್ದ. "ಏನಮ್ಮಾ, ಟಿಕೆಟ್ ತಗೊಂಡು ಬಂದಿದೀವಿ. ಬೈಯಿರಿ!"

"ನೀವು ದೊಡ್ಡೋರು, ನಿಮಗೆ ಬೈಯೋಕಾಗುತ್ತಾ? ಕೂತ್ಕೊಳ್ಳಿ" ಎಂದಳು ಅವಳು ಅಷ್ಟೇ ನಯವಾಗಿ.

ಆತ ಸೀದಾ ಹೋಗಿ ದೂರು ಕೊಟ್ಟ. ಅದೂ ಎಂಥ ದೂರು! ಮರ್ಯಾದೆ ಕೊಟ್ಟರು ಎಂದು. ಮ್ಯಾನೇಜರ್ ಅವಳನ್ನು ಕರೆದು ಬುದ್ಧಿ ಹೇಳಿದರು, ನನ್ನನ್ನು ಕರೆದು ಇನ್ನೂ ಮುದ್ದಾದ ಬೈಗುಳ ಬರೆಯಲು ಹೇಳಿದರು. ಅವಳು ಇನ್ನೊಂದು ದಿನವೂ "ಬನ್ನಿ" ಎಂದೇ ಆಡಿ, ಇಸ್ತ್ರಿ ಮಾಡಿದ ಏಪ್ರನ್ನು ಮಡಿಸಿಟ್ಟು ಹೊರಟಳು. ಹೋಗುವಾಗ ಕೆನ್ನೆಯ ಅಂಟು ಹುರುಪೆಯನ್ನು ಕಿತ್ತು ನನ್ನ ಸ್ಪಂಜಿನ ಹೊಟ್ಟೆಗೆ ಅಂಟಿಸಿದಳು. ಅವಳ ಜಾಗಕ್ಕೆ ಹೊಸಬಳು ಬರುವತನಕ ಮೀನೇ ಗಿರಾಕಿಗಳಿಗೆ ಬೈಯಲಿ ಎಂದು ತೀರ್ಮಾನವಾಯಿತು. ನಾನು ಬೈದೆ. "ಅಯ್ಯೋ ತುಂಟ!" ಒಂದು ಮಗು ಅತ್ತಿತು, ಉಳಿದವು ಬಾಲ ಎಳೆದವು.

ಅದರ ಮುಂದಿನ ವಾರದ ಭಾನುವಾರ ಆಟ ಮುಗಿದದ್ದೇ ವೇಷ ಕಳಚುವಷ್ಟೂ ತಾಳ್ಮೆಯಿಲ್ಲದೆ, ತಲೆ ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡಿಗೆ ಹೋದೆ. ಬಾಲ ಲಾರಿ ಅಂಗಳದ ಕೊಚ್ಚೆಯನ್ನೆಲ್ಲ ಒರೆಸಿಕೊಂಡು ಬಂತು. ಶೆಡ್ಡಿನಲ್ಲಿ ಕೇಕೆ ಎದ್ದಿತು. "ಗುಡುಗಕ್ಕ, ಮೀನು ತಾನಾಗೇ ನಡ್ಕೊಂಡು ಬಂತು ನೋಡು!" ದೊಡ್ಡಮ್ಮನ ಪಕ್ಕದಲ್ಲಿ ತಾಳೆಮರ ಕೂತು ಮೀನು ಕೆರೆಯುತ್ತಿದ್ದಳು, ಈಗ ಕೆನ್ನೆಯ ತುಂಬ ನಿಜವಾದ ಹುರುಪೆ. ಟೈಲರ್ ಮಾಮ ಚೀಲ ಹಿಡಿದು ಸರದಿಯಲ್ಲಿದ್ದರು.

ದೊಡ್ಡಮ್ಮ ನನ್ನನ್ನು ಕಾಲಿಂದ ಬಾಲದವರೆಗೆ ನೋಡಿದಳು. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. "ಬನ್ನಿ. ಏನು ಬೇಕು?"

"ಮೀನು."

ಮುಂದಿನ ಸಾಲಿಗೆ ಕೈ ಹೋಯಿತು. ತೂಗಿದಳು, ಕಾಗದದಲ್ಲಿ ಸುತ್ತಿದಳು, ಎರಡೂ ಕೈಯಿಂದ ಕೊಟ್ಟಳು. ನಾನು ತೆಗೆದುಕೊಂಡು ತಿರುಗಿದೆ. ಮನೆಗೆ ಒಯ್ಯಬೇಕು, ಅಮ್ಮ ಮೂಗು ಮುಚ್ಚಿಕೊಂಡು ಬೇಯಿಸಬೇಕು, ನಾನು ತಿನ್ನಬೇಕು. ಹಿಂದುಗಡೆ ದೊಡ್ಡಮ್ಮ ತಾಳೆಮರಕ್ಕೆ ಏನೋ ಬೈದಳು, ಅವಳು ಏನೋ ತಿರುಗಿ ಅಂದಳು, ಇಬ್ಬರೂ ನಕ್ಕರು. ನನ್ನ ಕಾಲು ಅಲ್ಲೇ ನಿಂತಿತು.

ತಿರುಗಿ ಬಂದೆ. ಕಾಗದ ಬಿಚ್ಚಿದೆ. ಮೀನನ್ನು ಬಾಲ ಹಿಡಿದು ಎತ್ತಿ ಅವಳ ಹಲಗೆಯ ಮೇಲೆ ಬಡಿದೆ. ನೀರು ಟೈಲರ್ ಮಾಮನ ಕನ್ನಡಕಕ್ಕೆ ಹಾರಿತು.

"ಇದು ನಿನ್ನೇದು!" ಎಂದೆ. ದನಿ ಅರ್ಧದಲ್ಲಿ ಸೀಳಿ ಕೋಳಿಮರಿಯಂತೆ ಬಂತು, ಆದರೂ ಬಂತು. "ಕೊಳೆತ ಮೀನು ಕಟ್ಟಿ ಕಳಿಸ್ತೀಯಾ? ತಂಗಿ ಮಗ ಅನ್ನೋದೂ ಬೇಡ್ವಾ ನಿಂಗೆ? ಆ ಐಸಿನ ಡಬ್ಬದ ಮೇಲೆ ಕೂತೂ ಕೂತೂ ನನ್ನ ಚಡ್ಡಿ ಹೆಪ್ಪುಗಟ್ತಿತ್ತಲ್ಲ, ಅದಕ್ಕಾದರೂ ಅಡಿಯ ಮೀನು ಕೊಡು!"

ದೊಡ್ಡಮ್ಮ ಆ ಮೀನನ್ನು ಎರಡು ಬೆರಳಲ್ಲಿ ಎತ್ತಿ, ಅದರ ಕಣ್ಣು ನೋಡಿದಳು, ಆಮೇಲೆ ನನ್ನ ಕಣ್ಣು ನೋಡಿದಳು. ಎರಡರಲ್ಲಿ ಯಾವುದು ಹೆಚ್ಚು ಸತ್ತಿದೆ ಎಂದು ಹೋಲಿಸುವ ಹಾಗೆ.

"ಮೊನ್ನೇದು" ಎಂದಳು. "ನಿನ್ನೇದಂತೆ, ನಿನ್ನೇದು! ನನ್ನ ಬಾಯಿ ತೊಳೆಯೋಕೆ ಹೋಗಿ ನಿನ್ನ ಮೂಗೂ ತೊಳ್ಕೊಂಡ್ಯೇನೋ ಸಪ್ಪೆ?"

ಆಮೇಲೆ ಮೊಣಕೈವರೆಗೆ ಐಸಿನೊಳಗೆ ಕೈ ಹಾಕಿದಳು.

ನಾನು ಸ್ಪಂಜಿನ ತಲೆಯನ್ನು ತಿರುಗಿಸಿ ಚೀಲದಂತೆ ಒಡ್ಡಿದೆ. ಮೂರು ವಾಕ್ಯ, ಬೇಕಾದರೆ ಮೂರೂವರೆ. ಟೈಲರ್ ಮಾಮ ಕನ್ನಡಕ ಒರೆಸುತ್ತ, ಮೊನ್ನೆ ತಮಗೆ ಬಿದ್ದದ್ದು ಇದಕ್ಕಿಂತ ಉದ್ದವಿತ್ತೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅವರಿಗೆ ಹೊಟ್ಟೆಕಿಚ್ಚು. ನನಗೂ ತಣ್ಣಗಾಗಲು ಬಿಡಲಿಲ್ಲ ದೊಡ್ಡಮ್ಮ. ಅಡಿಯ ಮೀನನ್ನು ತಲೆಯೊಳಗೆ ಹಾಕಿದವಳೇ ತಾಳೆಮರದ ಕಡೆ ತಿರುಗಿ ಶುರು ಮಾಡಿದಳು, ಮತ್ತು ನಾನು ಲಾರಿ ಅಂಗಳ ದಾಟುವವರೆಗೂ ಅವಳಿಗೆ ಬೈಯುತ್ತಲೇ ಇದ್ದಳು.